ಸಾಹೇಬರ ಮುಖವಿಲ್ಲದ ಪುಟ

ಭೂಕಂಪವಾಗಿ ಗಂಟೆ ಕಳೆದಿರಲಿಲ್ಲ, ನಮ್ಮ ರಸ್ತೆ ಇಲಾಖೆಯ ವೆಬ್‌ಸೈಟ್ ಮಕಾಡೆ ಮಲಗಿತು. ಯಾವ ರಸ್ತೆ ಉಳಿದಿದೆ, ಯಾವ ಸೇತುವೆ ಬಿದ್ದಿದೆ ಎಂದು ತಿಳಿಯಲು ಲಕ್ಷಾಂತರ ಜನ ಒಟ್ಟಿಗೆ ಮುಗಿಬಿದ್ದಿದ್ದರು. ಅವರಿಗೆಲ್ಲ ಮೊದಲು ಸಿಗುವುದು ನಮ್ಮ ನಿರ್ದೇಶಕರ ವಿಡಿಯೋ. ತಾನಾಗೇ ಓಡುತ್ತದೆ, ನಿಲ್ಲಿಸಲು ಬರುವುದಿಲ್ಲ. "ನನ್ನ ಮುಖವಿಲ್ಲದ ಯಾವ ಪ್ರಕಟಣೆಯನ್ನೂ ನಂಬಬೇಡಿ, ಅದು ನಕಲಿ" ಎಂಬ ಉಪದೇಶ ಅದರಲ್ಲಿ. ಅಷ್ಟು ಭಾರದ ವಿಡಿಯೋವನ್ನು ಎಲ್ಲರಿಗೂ ಹೊತ್ತು ಮುಟ್ಟಿಸಲಾರದೆ ಸರ್ವರ್ ಕೈಚೆಲ್ಲಿತ್ತು.

"ಸಾರ್, ವಿಡಿಯೋ ತೆಗೀಬೇಕು," ಎಂದೆ. ವೆಬ್‌ಸೈಟ್ ನೋಡಿಕೊಳ್ಳುವವಳು ನಾನೊಬ್ಬಳೇ.

"ಇಂಥ ಹೊತ್ತಲ್ಲಿ ಜನಕ್ಕೆ ಧೈರ್ಯ ಬೇಕಮ್ಮ. ನನ್ನ ಮುಖ ನೋಡಿದ್ರೆ ಬರತ್ತೆ."

"ಮುಖ ಕಾಣೋಕೆ ಪುಟ ತೆರೀಬೇಕಲ್ಲ ಸಾರ್."

"ಇನ್ನೊಂದು ಸರ್ವರ್ ತರಿಸು," ಎಂದರು, ಪಕ್ಕದ ಕೋಣೆಯಿಂದ ಕುರ್ಚಿ ತರಿಸುವವರ ಹಾಗೆ. ಅವರ ಚಿಂತೆಯೇ ಬೇರೆ. ಹಳೆಯ ವಿಡಿಯೋದಲ್ಲಿ ಕಾಲರ್ ಸೊಟ್ಟಗಿತ್ತಂತೆ. ಹೊಸದನ್ನು ಚಿತ್ರಿಸಲು ಬಾಚಣಿಗೆ ಹಿಡಿದು ಒಳಗೆ ಹೋದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಅಷ್ಟರಲ್ಲಿ ತಂಗಿಯ ಎಸ್ಸೆಮ್ಮೆಸ್ ಬಂತು. "ಅಕ್ಕಾ, ಅಮ್ಮನ್ನ ಕಾರಲ್ಲಿ ಕೂರಿಸ್ಕೊಂಡು ಹೊರಟಿದೀನಿ. ಹಳೇ ಸೇತುವೆನಾ, ಹೊಸದಾ? ನಿಮ್ಮ ಸೈಟ್ ಸತ್ತಿದೆ."

ಹಳೆಯ ಸೇತುವೆಯ ಕಂಬ ಬಿರುಕು ಬಿಟ್ಟಿದೆ, ಹೊಸದು ಭದ್ರವಾಗಿದೆ ಎಂಬ ಸುದ್ದಿ ಆಗಷ್ಟೇ ನನ್ನ ಕೈಸೇರಿತ್ತು. "ಹೊಸದು" ಎಂದು ಬರೆದೆ. ಹೋಗಲಿಲ್ಲ. ಕರೆಯೂ ಸಿಗಲಿಲ್ಲ; ಅವಳದು ಬರುತ್ತಿತ್ತು, ನನ್ನದು ಹೋಗುತ್ತಿರಲಿಲ್ಲ. ಅವಳಿಗೆ ತಲುಪುವ ದಾರಿ ಇದ್ದದ್ದು ಈ ಹಾಳು ವೆಬ್‌ಸೈಟ್ ಒಂದೇ.

ಇನ್ನು ಯಾರನ್ನೂ ಕೇಳಲಿಲ್ಲ. ವಿಡಿಯೋ, ಲಾಂಛನ, ಬಣ್ಣ, ಎಲ್ಲವನ್ನೂ ಕಿತ್ತು ಹಾಕಿದೆ. ಬಿಳಿ ಪುಟದ ಮೇಲೆ ಬರೀ ಎರಡು ಸಾಲು ಉಳಿಸಿದೆ: ಹಳೆಯ ಸೇತುವೆ ಬಿರುಕು ಬಿಟ್ಟಿದೆ. ಹೊಸ ಸೇತುವೆಯಲ್ಲಿ ಬನ್ನಿ. ಸರ್ವರ್ ಉಸಿರಾಡಿತು, ಪುಟ ತೆರೆಯತೊಡಗಿತು. ನಾನು ಕುರ್ಚಿಗೆ ಒರಗಿದೆ.

ಮತ್ತೆ ತಂಗಿಯ ಎಸ್ಸೆಮ್ಮೆಸ್. "ಅಕ್ಕಾ, ಸೈಟ್ ತೆರೀತು, ಆದ್ರೆ ಸಾಹೇಬರ ಮುಖ ಇಲ್ಲ. ನಕಲಿ ಇದು ಅಂತಾಳೆ ಅಮ್ಮ. ಹಳೇ ಸೇತುವೆ ಕಡೆಗೇ ತಿರುಗ್ಸು ಅಂತ ಹಟ ಹಿಡಿದಿದಾಳೆ."

ಅಮ್ಮನ ಮೇಲೆ, ಸಾಹೇಬರ ಮೇಲೆ, ಆ ಉಪದೇಶವನ್ನು ಕೈಯಾರೆ ಪುಟಕ್ಕೇರಿಸಿದ ನನ್ನ ಮೇಲೂ ಮೈ ಉರಿದುಹೋಯಿತು. ಲಕ್ಷಾಂತರ ಜನ ನೋಡುವ ಸರ್ಕಾರಿ ಪುಟದಲ್ಲಿ ಮೂರನೆಯ ಸಾಲು ಬರೆದೆ: ಗುಬ್ಬೀ, ನಾನು ಅಕ್ಕ. ಅಮ್ಮನ ಮಾತು ಕೇಳಬೇಡ, ಹಳೇ ಸೇತುವೆ ಹತ್ತಬೇಡ.

ಆಮೇಲೆ ಫೋನನ್ನೇ ನೋಡುತ್ತ ಕೂತೆ. ಅದು ಮಿಸುಕಲಿಲ್ಲ.

ಕಾಲರ್ ನೆಟ್ಟಗೆ ಮಾಡಿಕೊಂಡು ನಿರ್ದೇಶಕರು ಹೊರಬಂದರು. ಪರದೆ ನೋಡಿದರು. "ನಾನೆಲ್ಲಿ?" ಎಂದರು. ಕೆಳಗೆ ಓದಿ, "ಯಾರಮ್ಮ ಇದು ಗುಬ್ಬಿ?" ಎಂದರು.

ಬಾಯಿ ತೆರೆಯುವಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. "ಹೊಸ ಸೇತುವೆ ದಾಟಿದ್ವಿ. ನಿನ್ನ ಸಾಲು ಓದಿ ಮುಂದಿದ್ದ ಕಾರುಗಳೂ ತಿರುಗಿದ್ವು. ಲೋಕದ ಎದುರಿಗೆ ನನ್ನ ಮರ್ಯಾದೆ ತೆಗೆದ್ಲು ಅಂತ ಅಮ್ಮ ಮುಖ ಊದಿಸ್ಕೊಂಡಿದಾಳೆ."

ತಡೆಯಲಾಗಲಿಲ್ಲ, ಸಾಹೇಬರ ಎದುರಿಗೇ ಅತ್ತುಬಿಟ್ಟೆ. ಅವರು ತಬ್ಬಿಬ್ಬಾಗಿ ಹೊಸ ವಿಡಿಯೋ ಇದ್ದ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟರು. "ಯಾವಾಗ ಹಾಕ್ತೀಯ?"

"ಹಾಕ್ತೀನಿ ಸಾರ್," ಎಂದೆ, ಮೂಗು ಒರೆಸಿಕೊಳ್ಳುತ್ತ. "ಎಲ್ರೂ ದಾಟ್ಲಿ."