ಹಲಗೆ ಹುಡುಕುವ ಮುಖಂಡ

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಪೇಟೆಯ ನಡುವಿನ ಆ ಹಳೆಯ ಓಣಿಯ ಕೊಳಕನ್ನೆಲ್ಲ ದೇವರೇ ಬಿಳಿ ಬಟ್ಟೆ ಹೊದಿಸಿ ಮರೆಮಾಡಿದಂತಿತ್ತು. ಬಿಸಿಲೇರಿದಾಗ ಎಲ್ಲವೂ ಮತ್ತೆ ಕಾಣಿಸಿಕೊಂಡವು. ಒಡೆದ ಚರಂಡಿ, ಉರಿಯದ ದೀಪ, ಕೂರುವ ಹಲಗೆ ಕಳೆದುಕೊಂಡು ಬರಿದೇ ನಿಂತ ಎರಡು ಗಿಡ್ಡ ಕಲ್ಲುಕಂಬ.

ಆದರೂ ಓಣಿಗೆ ಒಳ್ಳೆಯ ದಿನ ಬರುವುದರಲ್ಲಿತ್ತು. ಓಣಿ ಸರಿಪಡಿಸುವ ಕೆಲಸದಲ್ಲಿ ನೆಲಹಾಸು, ಚರಂಡಿ, ದೀಪ ನಗರಸಭೆಯದು, ಬಣ್ಣ, ಗಿಡ, ಬೆಂಚು ಅಂಗಡಿಯವರದು ಎಂದು ಒಪ್ಪಂದವಾಗಿತ್ತು. ಬಣ್ಣವಾಯಿತು, ಗಿಡವೂ ಆಯಿತು. ಬೆಂಚಿನ ವಿಷಯಕ್ಕೆ ಬಂದಾಗ ಕೆಲಸ ನಿಂತುಹೋಯಿತು.

"ಸಂಜೆ ಬರ್ತೀನಿ. ಬೆಂಚು ಇಲ್ದಿದ್ರೆ ದೀಪಗಳು ಪಕ್ಕದ ಓಣಿಗೆ," ಎಂದರು ನಗರಸಭೆಯ ಎಂಜಿನಿಯರಮ್ಮ.

"ಹೊಸದ್ಯಾಕೆ? ಹಳೇ ಹಲಗೆ ಕದ್ದೋನ್ನ ಹಿಡೀರಿ!" ಇಸ್ತ್ರಿಯಣ್ಣ ಎಲ್ಲರಿಗಿಂತ ಜೋರಾಗಿ ಕೂಗಿದ.

"ಹಾಗಾದ್ರೆ ನೀನೇ ಮುಖಂಡ, ಹುಡುಕು," ಎಂದ ಕ್ಷೌರದಂಗಡಿಯವನು. "ಇಷ್ಟು ಗಂಟಲು ಇನ್ಯಾರಿಗಿದೆ?"

ಇಸ್ತ್ರಿಯಣ್ಣನ ಮುಖ ಬಿಳಿಚಿಕೊಂಡಿತು. ಆ ಹಲಗೆ ಅವನ ಅಂಗಡಿಯಲ್ಲೇ, ನೆಲ ಮುಟ್ಟುವಂತೆ ಇಳಿಬಿಟ್ಟ ಕಂಬಳಿಯ ಕೆಳಗೆ, ಇಸ್ತ್ರಿ ಮೇಜಾಗಿ ಮಲಗಿತ್ತು. ಹಿಂದೊಂದು ಮಳೆಗಾಲದಲ್ಲಿ ನೆನೆಯದಿರಲೆಂದು ಒಳಗಿಟ್ಟವನು ಹೊರಗಿಡಲು ಮರೆತಿದ್ದ. ಆಮೇಲೆ ಆ ಮರೆವನ್ನು ಬಹಳ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದ. ಈಗ ಕೊಟ್ಟರೆ ಹೊಟ್ಟೆಪಾಡಿನ ಮೇಜೂ ಹೋಗುತ್ತದೆ, ಮಾನವೂ ಹೋಗುತ್ತದೆ.

ಮುಖಂಡನಾದ ಮೇಲೆ ಹುಡುಕಲೇಬೇಕಲ್ಲ. ಪಾತ್ರೆ ಅಂಗಡಿಯ ಕೊಪ್ಪರಿಗೆಯೊಳಗೆ ತಲೆ ಹಾಕಿದ.

"ಆಳುದ್ದದ ಹಲಗೆ ಅದ್ರಲ್ಲಿ ಹೆಂಗೋ ಹಿಡಿಸುತ್ತೆ?" ಎಂದಳು ಪಾತ್ರೆ ಅಂಗಡಿಯವಳು.

"ಕಳ್ಳರನ್ನ ನಂಬೋಕಾಗಲ್ಲ ಅಕ್ಕಾ," ಎಂದ ಗಂಭೀರವಾಗಿ.

ಸಂಜೆಯ ಹೊತ್ತಿಗೆ ದಣಿದು ಅಂಗಡಿಗೆ ಮರಳಿದರೆ ಸೂಲಗಿತ್ತಿ ಅಜ್ಜಿ ತನ್ನ ಸೀರೆಗಾಗಿ ಕಾಯುತ್ತಿದ್ದಳು. ಓಣಿಯ ಅರ್ಧ ಜನರನ್ನು, ಇವನನ್ನೂ, ಭೂಮಿಗೆ ಬರಮಾಡಿಕೊಂಡ ಕೈಗಳು ಅದೇ ಮೇಜಿಗೆ ಆತುಕೊಂಡಿದ್ದವು.

"ಕೂತ್ಕೋ ಅಜ್ಜಿ."

"ಎಲ್ಲಿ ಕೂರ್ಲಪ್ಪ?" ಅಜ್ಜಿ ನಕ್ಕಳು. "ಮೊದ್ಲು ಅಲ್ಲಿ ಹಲಗೆ ಮೇಲೆ ಕೂತು ಉಸಿರು ತಗೋತಿದ್ದೆ. ಈಗ ನಿಂತೇ ದಣಿವಾರಿಸ್ಕೋತೀನಿ. ನೀನೇ ಹುಡುಕೋಕೆ ಹೊರಟಿದ್ದೀಯಂತಲ್ಲ, ಇನ್ನು ಸಿಕ್ಕಂಗೇ ಬಿಡು."

ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಅವನನ್ನು ಚುಚ್ಚಿತು.

ಅವನು ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟ. ಕಂಬಳಿ ಮಡಚಿದ. ಹಲಗೆಯನ್ನು ಹೆಗಲಿಗೇರಿಸಿ, ಎಲ್ಲರೂ ನೋಡುತ್ತಿದ್ದಂತೆಯೇ ಓಣಿಯ ನಡುವೆ ನಡೆದ. ಕ್ಷೌರದಂಗಡಿಯವನ ಕತ್ತರಿ ಗಾಳಿಯಲ್ಲೇ ನಿಂತಿತು.

ಹಲಗೆ ಕಂಬಗಳ ಮೇಲೆ ಕೂತಿತು. ಅದರ ತುಂಬ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಸುಟ್ಟಗುರುತುಗಳು. ಅಜ್ಜಿ ಮೆಲ್ಲನೆ ಕೂತು, ಅಂಗೈಯಿಂದ ಸವರಿದಳು.

"ಇನ್ನೂ ಬೆಚ್ಚಗಿದೆ ಕಣೋ."

ಕ್ಷೌರದಂಗಡಿಯವನು ಬಾಯಿ ತೆರೆದ. ಅಷ್ಟರಲ್ಲಿ ತಿರುವಿನಲ್ಲಿ ಎಂಜಿನಿಯರಮ್ಮ ಕಾಣಿಸಿದರು. ಅವನು ಬಾಯಿ ಮುಚ್ಚಿ, ಬಂದು ಅತಿ ದೊಡ್ಡ ಸುಟ್ಟಗುರುತಿನ ಮೇಲೆ ಕೂತುಬಿಟ್ಟ.