ಮೂರು ದಿನದ ಹಾಲು

ದೇವಸಮುದ್ರದಲ್ಲಿ ಯಾರ ಮನೆ ಕುರಿ ಈಯಲು ಕಷ್ಟಪಟ್ಟರೂ ಕರೆ ಬರುತ್ತಿದ್ದುದು ನನಗೆ, ಕ್ಯಾತಮ್ಮನಿಗೆ. ಮರಿ ಅಡ್ಡ ತಿರುಗಿದ್ದರೂ ಕೈಹಾಕಿ ಸರಿಮಾಡಿ ಎಳೆಯುತ್ತಿದ್ದೆ. ಬಾಯಿ ಜೋರು, ಕೈ ಮೆತ್ತಗೆ ಎಂದು ನನ್ನ ಗಂಡ ಓಬಯ್ಯ ಹೇಳುತ್ತಿದ್ದ. ಅದೇ ಕೈಯಿಂದ ಮಗಳು ವನಜಾಕ್ಷಿಯ ಚೊಚ್ಚಲ ಹೆರಿಗೆಯನ್ನೂ ಮಾಡಿಸಿದೆ. ತೊಂಬತ್ತಾರನೇ ಇಸವಿ, ಗಂಡುಮಗು.

ಅವಳ ಎದೆಯಲ್ಲಿ ಮೊದಲು ಬಂದ ಹಾಲು ಹಳದಿಯಾಗಿ ಮಂದವಾಗಿತ್ತು. ಒಂಬತ್ತು ತಿಂಗಳು ಒಳಗೇ ನಿಂತು ಕೆಟ್ಟ ಹಾಲು ಅದು, ಕೂಸಿಗೆ ಆಗದು ಎಂದು ನಮ್ಮವ್ವ ನನಗೆ ಹೇಳಿಕೊಟ್ಟಿದ್ದಳು, ಅವಳಿಗೆ ಅವಳವ್ವ. ಮೂರು ದಿನ ತೆಂಗಿನ ಚಿಪ್ಪಿಗೆ ಹಿಂಡಿ ಹಿಂಡಿ ಹಿತ್ತಲ ಬೇವಿನ ಬುಡಕ್ಕೆ ಚೆಲ್ಲಿದೆ. ಕೂಸನ್ನು ನನ್ನ ಮಗ್ಗುಲಲ್ಲೇ ಮಲಗಿಸಿಕೊಂಡು, ಸಕ್ಕರೆ ನೀರಿನಲ್ಲಿ ಹತ್ತಿಬತ್ತಿ ಅದ್ದಿ ಚೀಪಿಸಿದೆ. ಅವನು ಬತ್ತಿ ಉಗುಳಿ, ಕತ್ತು ತಿರುಗಿಸಿ, ಬಾಯಿ ತೆರೆದು ಹುಡುಕುತ್ತಿದ್ದ. "ತಡಿಯೋ ಹೊಟ್ಟೆಬಾಕ" ಎಂದು ನಗುತ್ತಿದ್ದೆ. ನಕ್ಕೆನಲ್ಲ, ನನ್ನ ಬಾಯಿಗೆ ಮಣ್ಣು ಬೀಳಲಿ.

ನಾಲ್ಕನೇ ದಿನ ಎದೆಗೆ ಹಾಕಿದೆವು. ಐದನೇ ದಿನ ಭೇದಿ, ಜ್ವರ. ಮೊಳಕಾಲ್ಮುರಿಗೆ ಹೋಗುವ ಬಸ್ಸು ಹತ್ತಿದೆವು. ದಾರಿಯಲ್ಲೇ ಕೂಸು ನನ್ನ ಮಡಿಲಲ್ಲಿ ತಣ್ಣಗಾಯಿತು.

ಗೌರಸಮುದ್ರದಿಂದ ಬಂದ ಬೀಗಿತ್ತಿ ದುರುಗಕ್ಕ ಎಲ್ಲರೆದುರು ಅಂದುಬಿಟ್ಟಳು: "ಸಕ್ರೆ ನೀರು ಕುಡ್ಕೊಂಡು ಚೆನ್ನಾಗೇ ಇದ್ದ. ಇವಳ ಹಾಲು ಬಿದ್ದ ಮಾರನೇ ದಿನಾನೇ ಹೋದ. ಇವಳ ಎದ್ಯಾಗೆ ವಿಷ ಐತೆ." ಬೇರೆ ದಿನವಾಗಿದ್ದರೆ ಅವಳ ನೀರಿಳಿಸುತ್ತಿದ್ದೆ. ಅವತ್ತು ತುಟಿ ಬಿಚ್ಚಲಿಲ್ಲ, ಯಾಕೆಂದರೆ ನನಗೂ ಹಾಗೇ ಅನ್ನಿಸಿತ್ತು. ನಾನು ಸುಮ್ಮನಿದ್ದುದನ್ನು ವನಜಾಕ್ಷಿ ನೋಡಿದಳು.

ಎರಡು ವರ್ಷದ ಮೇಲೆ ಮತ್ತೆ ತುಂಬಿದ ಬಸುರಿಯಾಗಿ ಬಂದಳು. ಚೀಲದಲ್ಲಿ ಚಳ್ಳಕೆರೆಯಿಂದ ಕೊಂಡು ತಂದ ಹಾಲಿನ ಬಾಟಲಿ ಇತ್ತು. "ಈ ಸಲ ನಾನು ಎದೆಗೆ ಹಾಕ್ಕೊಳ್ಳಲ್ಲವ್ವ. ಒಂದನ್ನ ಕೊಂದಿದ್ದು ಸಾಕು" ಎಂದಳು. ಆಗಲಿ ಬಿಡು ಎಂದೆ.

ಅದೇ ವಾರ ನರ್ಸ್ ರೇಣುಕಮ್ಮ ಅವಳಿಗೆ ಸೂಜಿ ಹಾಕಲು ಬಂದವರು ನನ್ನನ್ನು ಹುಡುಕಿಕೊಂಡು ಕುರಿರೊಪ್ಪಕ್ಕೆ ಬಂದರು. ನಾನು ಆಗಷ್ಟೇ ಹುಟ್ಟಿದ ಮರಿಯ ಬಾಯನ್ನು ಕೆಚ್ಚಲಿಗೆ ಒತ್ತಿ ಹಿಡಿದಿದ್ದೆ.

"ಬಿಡು ಕ್ಯಾತಮ್ಮ, ಅದೇ ಕುಡ್ಕೊಳ್ತೈತೆ."

"ನಿಮಗೇನ್ ಗೊತ್ತೈತೆ ನರ್ಸಮ್ಮ? ಈ ಗಿಣ್ಣುಹಾಲು ಹೊಟ್ಟೆಗೆ ಬೀಳ್ದಿದ್ರೆ ಮರಿ ಉಳಿಯಲ್ಲ. ಭೇದಿ ಹಿಡಿದು ಸಾಯ್ತಾವೆ."

"ಮತ್ತೆ ವನಜಾಕ್ಷಿ ಗಿಣ್ಣು ಏನ್ ಮಾಡ್ದೆ?"

ಮರಿ ನನ್ನ ಕೈಯಿಂದ ಜಾರಿ ನೆಲಕ್ಕೆ ಕೂತಿತು.

"ಆ ಹಾಲು ಕೆಟ್ಟಿರಲ್ಲ ಕ್ಯಾತಮ್ಮ, ಬಣ್ಣಾನೇ ಹಂಗೆ. ರೋಗ ತಡಿಯೋ ಶಕ್ತಿ ಅದ್ರಾಗೇ ಇರೋದು. ಹೊಲಸು ಹೊಟ್ಟೆಗೆ ಹೋಗೋದು ಆ ಸಕ್ರೆ ನೀರಿನಿಂದ, ಬತ್ತಿಯಿಂದ."

"ಅದಕ್ಕೇ ಹೋದ್ನಾ ನಮ್ ಕೂಸು?"

"ಅದನ್ನ ನಾನು ಖಂಡಿತವಾಗಿ ಹೆಂಗ್ ಹೇಳ್ಲಿ? ತಾಯಿ ಹಾಲು ವಿಷ ಆಗಿ ಹೋಗ್ಲಿಲ್ಲ, ಅದನ್ನ ಮಾತ್ರ ಹೇಳ್ತೀನಿ."

ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರೆ. ಊರ ಕುರಿಮರಿಗಳಿಗೆಲ್ಲ ಗಿಣ್ಣು ಕುಡಿಸಿದವಳು ನನ್ನ ಮೊಮ್ಮಗನ ಪಾಲನ್ನು ಬೇವಿನ ಮರಕ್ಕೆ ಹೊಯ್ದಿದ್ದೆ. ಮಗಳಿಗೆ ಹೇಳಬೇಕು, ಹೇಳದಿದ್ದರೆ ಆ ಬಾಟಲಿ ಬಿಡುವುದಿಲ್ಲ, ತಾನೇ ಕೊಂದೆ ಅನ್ನುವುದನ್ನೂ ಬಿಡುವುದಿಲ್ಲ. ಹೇಳಿದರೆ ಅವಳು ನನಗೆ ಉಳಿಯುವುದಿಲ್ಲ. ಊರಿಗೆಲ್ಲ ಬಯ್ಯುವ ನನಗೆ ಇದೊಂದು ಮಾತು ಹೇಳಲಾಗಲಿಲ್ಲ. ಒಂದು ತಿಂಗಳು ಕಳೆದೆ.

ಈ ಸಲ ಹೆರಿಗೆ ಆಸ್ಪತ್ರೆಯಲ್ಲಿ ಆಯಿತು, ಹೆಣ್ಣುಮಗು. ರೇಣುಕಮ್ಮ ಕೂಸನ್ನು ಒರೆಸಿ ನನ್ನ ಕೈಗೆ ಕೊಟ್ಟರು. ವನಜಾಕ್ಷಿ ಎದೆಯ ಮೇಲೆ ಎರಡೂ ಕೈ ಕಟ್ಟಿಕೊಂಡು ಗೋಡೆಯ ಕಡೆ ತಿರುಗಿದಳು. "ಬಾಟ್ಲಿ ಕೊಡವ್ವ."

ಕೂಸು ನನ್ನ ತೋಳಿನಲ್ಲಿ ಕತ್ತು ತಿರುಗಿಸಿ ಬಾಯಿ ತೆರೆಯಿತು. ನನಗೆ ತಡೆಯಲಾಗಲಿಲ್ಲ.

"ವನಜಿ, ನಿನ್ ಹಾಲಲ್ಲ ಕಣೆ. ನಿನ್ನದು ಏನೂ ತಪ್ಪಿಲ್ಲ. ಎಲ್ಲಾ ನನ್ ಕೈಯಿಂದ ಆಗಿದ್ದು." ಅಳುತ್ತಲೇ ಹೇಳಿದೆ. ಚಿಪ್ಪು, ಬೇವಿನ ಬುಡ, ಬತ್ತಿ, ರೊಪ್ಪದಲ್ಲಿ ನರ್ಸಮ್ಮ ಕೇಳಿದ ಮಾತು, ಒಂದನ್ನೂ ಬಿಡದೆ ಹೇಳಿದೆ.

ಅವಳು ಅಳಲಿಲ್ಲ. ಬಯ್ಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈ ಚಾಚಿ ಕೂಸನ್ನು ಇಸಿದುಕೊಂಡು ಎದೆಗೆ ಹಾಕಿಕೊಂಡಳು. ಅದು ಕಚ್ಚಿಕೊಂಡು ಕುಡಿಯತೊಡಗಿತು, ತುಟಿಯ ಅಂಚಿನಲ್ಲಿ ಹಳದಿ ಹನಿ ಕಂಡಿತು.

ಆ ಹನಿಯನ್ನು ಬೆರಳಿನಿಂದ ಒರೆಸಿ, ನನ್ನ ಕಡೆ ನೋಡದೆಯೇ ಕೇಳಿದಳು: "ಅವ್ವಾ, ಅವನೂ ಹಿಂಗೇ ಬಾಯಿ ತೆರೀತಿದ್ನಾ?"

ಇಲ್ಲ ಅನ್ನಬಹುದಿತ್ತು.

"ತೆರೀತಿದ್ದ" ಎಂದೆ. "ಮೂರು ದಿನಾನೂ ತೆರೀತಿದ್ದ."