ಘಾಟಲ್ಲ, ಗ್ಯಾಸು

ಸವಣೂರಿನಾಚೆಯ ಕೋಲ್ಡ್ ಸ್ಟೋರೇಜಿನ ಶೆಡ್ಡಿನಲ್ಲಿ ನಾನು ಹದಿನಾರು ವರ್ಷದಿಂದ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೇನೆ. ಹೆಸರು ಚಮನಬಿ. ಇಪ್ಪತ್ತು ಹೆಂಗಸರಿಗೆ ನಾನೇ ಮೇಸ್ತ್ರಿ. ನನ್ನ ಬಾಯಿಗೆ ಮ್ಯಾನೇಜರನೂ ಹೆದರುತ್ತಾನೆ.

ನಮ್ಮಲ್ಲೊಂದು ರೂಢಿ. ಹೊಸಬಳೊಬ್ಬಳು ಘಾಟು ತಡೆಯದೆ ಕೆಮ್ಮುತ್ತ ಹೊರಗೆ ಓಡಿದರೆ ಎಲ್ಲರೂ ನಗುತ್ತೇವೆ. 'ಓಡಿ ಹೋದಾಕಿ' ಎಂಬ ಹೆಸರು ತಿಂಗಳುಗಟ್ಟಲೆ ಅವಳನ್ನು ಬಿಡುವುದಿಲ್ಲ. ಹಾಗಾಗಿ ಎಷ್ಟೇ ಉರಿದರೂ ಯಾರೂ ಏಳುವುದಿಲ್ಲ. ನಾನೇ ಹಾಕಿದ ರೂಢಿ ಅದು. ಅದಕ್ಕಿಷ್ಟು ಬೆಂಕಿ ಬೀಳಲಿ!

ಆ ಮಂಗಳವಾರ ಮಧ್ಯಾಹ್ನ, ಗೊಟಗೋಡಿಯಿಂದ ಹೊಸದಾಗಿ ಬರುತ್ತಿದ್ದ ರಾಜಶ್ರೀ ಸೆರಗು ಮೂಗಿಗೆ ಒತ್ತಿಕೊಂಡು ಎದ್ದಳು.

"ಅಕ್ಕಾ, ಇದು ಮೆಣಸಿನಕಾಯಿ ಘಾಟಲ್ಲರಿ. ಉಚ್ಚಿ ವಾಸನಿ ಬಡ್ಯಾಕತ್ತೈತಿ. ಗಂಟಲ ಹಿಡ್ಯಾಕತ್ತೈತಿ."

"ಏ ನಮ್ಮವ್ವಾ, ರಾಣಿ ಮಗಳ! ಗುಲಾಬಿ ಅತ್ತರ ತರಿಸ್ಲೇನು? ಕುಂದ್ರು ಸುಮ್ನ," ಎಂದೆ.

ಎಲ್ಲರೂ ನಕ್ಕರು. ಪಾಪ, ಕುಳಿತಳು. ಮಷೀನ್ ರೂಮಿನ ಗೋಡೆಗೆ ಅವಳ ಜಾಗವೇ ಹತ್ತಿರ.

ಹತ್ತು ನಿಮಿಷವೂ ಆಗಿರಲಿಲ್ಲ, ಮಷೀನ್ ನೋಡಿಕೊಳ್ಳುವ ಹುಲಗೇಶ "ಅಮೋನಿಯಾ ಸೋರಾಕತ್ತೈತಿ, ಓಡ್ರಿ!" ಎಂದು ಕೂಗುತ್ತ ಬಂದ. ಎದ್ದೆವೋ ಬಿದ್ದೆವೋ ಎಂದು ಓಡಿದೆವು. ರಾಜಶ್ರೀ ಬಾಗಿಲಲ್ಲೇ ಬಿದ್ದಳು.

ಕೋಣೆ ತಂಪಾಗಿಡುವ ಗ್ಯಾಸು ಅದು. ವಾಲ್ವಿನ ವಾಷರ್ ಸವೆದು ವರ್ಷವಾಗಿತ್ತೆಂದು ಹುಲಗೇಶನೇ ಆಮೇಲೆ ಹೇಳಿದ. ಸೋರಿದರೆ ಹೊಡೆದುಕೊಳ್ಳುವ ಗಂಟೆಯ ತಂತಿಯನ್ನು "ಸುಮ್ ಸುಮ್ನ ಬಡ್ಕೋತೈತಿ" ಎಂದು ಮ್ಯಾನೇಜರನೇ ಕೀಳಿಸಿದ್ದನಂತೆ. ಮೈಯಲ್ಲಿ ಎಲ್ಲಿ ಒದ್ದೆಯಿದೆಯೋ ಅಲ್ಲೇ ಆ ಗ್ಯಾಸು ಸುಡುತ್ತದೆ, ಕಣ್ಣು, ಗಂಟಲು, ಶ್ವಾಸಕೋಶ ಯಾವುದನ್ನೂ ಬಿಡುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ನಮ್ಮ ಕಣ್ಣುರಿ ನಾಲ್ಕು ದಿನಕ್ಕೆ ಇಳಿಯಿತು. ರಾಜಶ್ರೀ ಮೂರು ತಿಂಗಳಾದರೂ ಒಂದು ಕೊಡ ನೀರು ಹೊರಲಾರಳು. ಎರಡು ಮಾತಾಡಿದರೆ ನಿಂತು ಉಸಿರೆಳೆಯಬೇಕು.

ಕಾರ್ಖಾನೆ ಇಲಾಖೆಯವರು ವಿಚಾರಣೆಗೆ ಬರುವ ಹಿಂದಿನ ದಿನ ಮ್ಯಾನೇಜರ ಕರೆದು ಚಹಾ ಕುಡಿಸಿದ.

"ಚಮನಬಿ, ಆಕಿಗೆ ಘಾಟು ಮೊದ್ಲಿಂದ ತಡಿತಿದ್ದಿಲ್ಲ, ಉಸಿರಿನ ತ್ರಾಸ ಅದರಿಂದನ ಅಂತ ಹೇಳಿಬಿಡ್ರಿ. ಗ್ಯಾಸು ಅಂದ್ರ, ಆಕಿನ್ನ ಕುಂದ್ರಿಸಿದಾಕಿ ಯಾರು ಅಂತಾನೂ ಕೇಳ್ತಾರ ನೋಡ್ರಿ."

ಹೌದಲ್ಲ! ಘಾಟು ಎಂದರೆ ಅವನೂ ಪಾರು, ನಾನೂ ಪಾರು. ಗ್ಯಾಸು ಎಂದರೆ ರಾಜಶ್ರೀಗೆ ನ್ಯಾಯ, ತಪ್ಪಿನಲ್ಲಿ ನನಗೂ ಪಾಲು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಹೆದರಿಕೆಯಲ್ಲೇ ಆ ಚಹಾ ಪೂರ್ತಿ ಕುಡಿದೆ.

ಮರುದಿನ ಅಧಿಕಾರಿ ಮೊದಲು ರಾಜಶ್ರೀಯನ್ನೇ ಕೇಳಿದರು.

"ವಾಸನಿ ಬಂದ ಕೂಡ್ಲೇ ಯಾಕ ಹೊರಗ ಹೋಗ್ಲಿಲ್ಲವಾ? ಯಾರರ ಬ್ಯಾಡ ಅಂದ್ರೇನು?"

ಅವಳು ನನ್ನತ್ತ ನೋಡಿದಳು.

"ಯಾರೂ... ಅನ್ಲಿಲ್ಲರಿ. ನಾನ... ಕುಂತೆ."

ಕಳ್ಳಿ! ಉಳಿದ ನಾಲ್ಕು ಉಸಿರನ್ನೂ ನನ್ನನ್ನು ಉಳಿಸಲು ಖರ್ಚು ಮಾಡಿದಳು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

"ಸುಳ್ಳರಿ, ಸಾಹೇಬ್ರ. ಇದು ಘಾಟಲ್ಲ ಅಂತ ಆಕಿ ಹೇಳಿದ್ಲು. ಕುಂದ್ರು ಅಂದಾಕಿ ನಾನ. ಮೊದ್ಲ ಅದನ್ನ ಬರ್ಕೊಳ್ರಿ. ಆಮ್ಯಾಲೆ ಗಂಟಿ ತಂತಿ ಕಿತ್ತದ್ದು ಹೇಳ್ತೇನಿ."